ಎರಡೆಲೆಗೆ ನಿಂತುಬಿಟ್ಟ ಅಗಿ: ಮನೆಯೊಳಗೆ ಮೊಳೆತ ಸಸಿಗಳು ಬೆಳೆಯದಿದ್ದಾಗ ಏನು ನೋಡಬೇಕು, ಏನು ಮಾಡಬೇಕು

ಮಿರಗದ (ಮೃಗಶಿರಾ) ಮಳೆ ಬೀಳುವ ಹೊತ್ತಿಗೆ ಹಿತ್ತಿಲಲ್ಲಿ ಅಗಿ (ನಾಟಿಯ ಸಸಿ) ಹಚ್ಚಬೇಕೆಂದು ಏಪ್ರಿಲ್ ಕೊನೆಯಲ್ಲೇ ಮೆಣಸಿನಕಾಯಿ, ಮುಳಗಾಯಿ (ಬದನೆಕಾಯಿ), ಟೊಮೆಟೊ ಬೀಜಗಳನ್ನು ಮನೆಯೊಳಗೆ ಹಾಕುವವರು ವಿಜಯಪುರ, ಬಾಗಲಕೋಟೆಗಳ ಕಡೆ ಅನೇಕರಿದ್ದಾರೆ. ಹೊರಗೆ 40 ಡಿಗ್ರಿಯ ಬಿಸಿಲು, ಕೆದಕುವ ಕೋಳಿ, ಮೊಳಕೆಯನ್ನೇ ಹೆಕ್ಕುವ ಗುಬ್ಬಿ ಇವುಗಳ ಕಾಟ ಒಳಗಿಲ್ಲ. ಬೀಜಗಳೂ ನಿರಾಸೆ ಮಾಡುವುದಿಲ್ಲ, ಒಂದೆರಡು ವಾರದೊಳಗೆ ಮಣ್ಣನ್ನು ಎತ್ತಿಕೊಂಡು ಮೇಲೆ ಬಂದು ಎರಡೆರಡು ಎಲೆ ಬಿಚ್ಚುತ್ತವೆ. ತೊಂದರೆ ಆರಂಭವಾಗುವುದು ಆಮೇಲೆ. ಹದಿನೈದು ದಿನ ಕಳೆದರೂ ಅವೇ ಎರಡು ಎಲೆ, ಅದೇ ಎತ್ತರ. ಆಗ ಬೀಜವೇ ಖೊಟ್ಟಿ ಎಂದು ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಮೊಳೆತು ಮೇಲೆ ಬಂದ ಬೀಜ ತನ್ನ ಕೆಲಸವನ್ನು ಮುಗಿಸಿಕೊಟ್ಟಿರುತ್ತದೆ, ಮುಂದಿನ ತಪ್ಪನ್ನು ಅದರ ತಲೆಗೆ ಕಟ್ಟಲು ಬರುವುದಿಲ್ಲ.

ಬೀಜ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಮೊಳೆಯಲು ಅದಕ್ಕೆ ಬೇಕಾದದ್ದು ತೇವ, ಗಾಳಿ ಮತ್ತು ಬೆಚ್ಚಗಿನ ಜಾಗ ಮಾತ್ರ, ಆಹಾರವೆಲ್ಲ ಬೀಜದೊಳಗೇ ಇದೆ. ಮೊದಲು ಬಿಚ್ಚುವ ದಪ್ಪನೆಯ ಜೋಡಿ ನಿಜವಾದ ಎಲೆಯಲ್ಲ, ಬೀಜದೊಳಗೆ ಮಡಚಿಕೊಂಡಿದ್ದ ಬೀಜದೆಲೆ. ಬುತ್ತಿ ಮುಗಿದ ಮೇಲೆ ಸಸಿ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಬೇಕು ಮತ್ತು ಬೇರಿನಿಂದ ಸಾರವನ್ನು ಎಳೆದುಕೊಳ್ಳಬೇಕು. ಮನೆಯೊಳಗಿನ ಸಸಿ ಸಿಕ್ಕಿಬೀಳುವುದು ಸರಿಯಾಗಿ ಈ ತಿರುವಿನಲ್ಲಿ. ನವರಾತ್ರಿಯಲ್ಲಿ ಘಟ್ಟ ಹಾಕಿದವರು ಇದನ್ನು ಪ್ರತಿ ವರ್ಷ ಕಣ್ಣಾರೆ ನೋಡಿರುತ್ತಾರೆ. ದೇವರ ಕೋಣೆಯ ಮಬ್ಬಿನಲ್ಲಿ ಗೋಧಿ, ಜೋಳ ಒಂಬತ್ತೇ ದಿನದಲ್ಲಿ ಗೇಣುದ್ದ ಏಳುತ್ತವೆ, ಬಣ್ಣ ಮಾತ್ರ ತಿಳಿ ಹಳದಿ. ಪೂಜೆಗೆ ಅದು ಚೆಂದವೇ ಸರಿ, ಆದರೆ ಅದು ಬೆಳವಣಿಗೆಯಲ್ಲ, ಬೆಳಕನ್ನು ಹುಡುಕುತ್ತ ಸಸಿ ತನ್ನ ಕೊನೆಯ ಬುತ್ತಿಯನ್ನು ಖರ್ಚು ಮಾಡುತ್ತಿರುವ ಚಿತ್ರ. ಮೆಣಸಿನ ಬೀಜದ ಬುತ್ತಿ ಗೋಧಿಯದಕ್ಕಿಂತ ತೀರ ಚಿಕ್ಕದು. ಆದ್ದರಿಂದ ಅದು ಉದ್ದಕ್ಕೆ ಏಳುವ ಮೊದಲೇ ಸುಮ್ಮನೆ ನಿಂತುಬಿಡಬಹುದು.

ಕಾರಣಗಳು ಹಲವು ಇರುವುದರಿಂದ ಹುಡುಕಾಟಕ್ಕೊಂದು ಕ್ರಮ ಬೇಕು. ಮೊದಲು ಬೆಳಕು, ಆಮೇಲೆ ನೀರು ಮತ್ತು ಮಣ್ಣು, ಅನಂತರ ತಂಪು ಅಥವಾ ಬಿಸಿ, ಎಲ್ಲಕ್ಕಿಂತ ಕೊನೆಗೆ ಗೊಬ್ಬರ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು: ಸಸಿ ನಿಂತಿತೆಂದ ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕುತ್ತೇವೆ.

ಮೊದಲ ಹೆಜ್ಜೆ: ನಿಜವಾಗಿಯೂ ನಿಂತಿದೆಯೇ ಎಂದು ನೋಡುವುದು

ಬೀಜದೆಲೆ ಬಿಚ್ಚಿದ ಮೇಲೆ ಒಂದು ವಾರದಿಂದ ಹತ್ತು ದಿನ ಮೇಲ್ನೋಟಕ್ಕೆ ಏನೂ ನಡೆಯದಿರುವುದು ಸಹಜ, ಏಕೆಂದರೆ ಆ ದಿನಗಳಲ್ಲಿ ಸಸಿಯ ದುಡಿಮೆಯೆಲ್ಲ ಬೇರಿನ ಕಡೆಗಿರುತ್ತದೆ. ಟೊಮೆಟೊ ಬೇಗ ನಿಜ ಎಲೆ ತೋರಿಸುತ್ತದೆ, ಮುಳಗಾಯಿ ತುಸು ತಡ, ಮೆಣಸಿನಕಾಯಿ ಎಲ್ಲಕ್ಕಿಂತ ನಿಧಾನ. ಮೊಳೆಯುವುದರಲ್ಲೂ ಇದೇ ಅಂತರವಿದೆ. ಬೆಚ್ಚಗಿನ ಜಾಗದಲ್ಲಿ ಟೊಮೆಟೊ 5ರಿಂದ 8 ದಿನಕ್ಕೆ ಮೊಳೆತರೆ ಮೆಣಸಿನಕಾಯಿ 8ರಿಂದ 14 ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದ ಒಂದೇ ದಿನ ಹಾಕಿದ ಟೊಮೆಟೊವನ್ನು ನೋಡಿ ಮೆಣಸಿನ ಸಸಿಯನ್ನು ಅಳೆಯಬಾರದು.

ಅನುಮಾನವಿದ್ದರೆ ಸಸಿಯ ಪಕ್ಕದಲ್ಲಿ ಒಂದು ಕಸಬರಿಗೆ ಕಡ್ಡಿಯನ್ನು ಚುಚ್ಚಿ, ಸಸಿಯ ತುದಿಯ ಮಟ್ಟಕ್ಕೆ ಪೆನ್ನಿನಿಂದ ಗುರುತು ಮಾಡಿ, ಐದು ದಿನ ಬಿಟ್ಟು ನೋಡಬೇಕು. ಎರಡು ಬೀಜದೆಲೆಗಳ ನಡುವಿನ ಸಂದಿಯನ್ನೂ ಬೆಳಕಿಗೆ ಹಿಡಿದು ಗಮನಿಸಬೇಕು. ಅಲ್ಲಿ ಸಾಸಿವೆ ಕಾಳಿಗಿಂತ ಸಣ್ಣದಾದ ಹಸಿರು ಕುಡಿ ಕಂಡರೆ ಸಸಿ ಜೀವಂತವಾಗಿದೆ, ಕಾಯಬಹುದು. ಕುಡಿಯೇ ಇಲ್ಲದಿದ್ದರೆ, ಅಥವಾ ಹುಳು ತಿಂದು ಅದು ಕರಕಾಗಿದ್ದರೆ, ಆ ಸಸಿಯನ್ನು ಕಿತ್ತು ಜಾಗ ಖಾಲಿ ಮಾಡುವುದು ಲೇಸು. ಬೀಜದ ಸಿಪ್ಪೆ ಟೊಪ್ಪಿಗೆಯಂತೆ ಎಲೆಗಳಿಗೆ ಕಚ್ಚಿಕೊಂಡು ಅವು ಬಿಚ್ಚಲಾರದೆ ಇರುವುದೂ ಉಂಟು. ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ನೆನೆಸಿದರೆ ಸಿಪ್ಪೆ ಮೆತ್ತಗಾಗಿ ಉಗುರಿಗೆ ಬರುತ್ತದೆ, ಒಣ ಸಿಪ್ಪೆಯನ್ನು ಎಳೆದರೆ ಎಲೆಯೂ ಅದರ ಜೊತೆಗೇ ಬರುತ್ತದೆ.

ಎರಡನೆಯ ಹೆಜ್ಜೆ: ಬೆಳಕು

ಮನೆಯೊಳಗಿನ ಸಸಿಗಳ ವಿಷಯದಲ್ಲಿ ಹತ್ತಕ್ಕೆ ಏಳೆಂಟು ಸಲ ಉತ್ತರ ಇಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ. ನಮ್ಮ ಕಣ್ಣು ಮಬ್ಬಿಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಇದೆ ಎಂದು ನಮಗೆ ತೋರುತ್ತದೆ, ಸಸಿಗೆ ಆ ಸೌಲಭ್ಯವಿಲ್ಲ. ತೆರೆದ ಅಂಗಳದ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆ) ಇದ್ದರೆ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಒಂದೆರಡು ಸಾವಿರ, ಕೋಣೆಯ ನಡುವೆ ಇನ್ನೂರು ಮುನ್ನೂರು ಲಕ್ಸ್ ಅಷ್ಟೇ ಇರುತ್ತದೆ. ದಪ್ಪ ಗೋಡೆಯ, ಒಂದೇ ಬೆಳಕಿಂಡಿಯ ಹಳೆಯ ಮಾಳಿಗೆ ಮನೆಗಳಲ್ಲಿ ಅದೂ ಇರುವುದಿಲ್ಲ. ತರಕಾರಿ ಸಸಿ ಗಟ್ಟಿಯಾಗಿ ಬೆಳೆಯಲು ದಿನದ ಬಹುಭಾಗ 10,000 ಲಕ್ಸ್‌ನಷ್ಟಾದರೂ ಬೆಳಕು ಬೇಕು. ಬೆಳಕು ಅಳೆಯುವ ಉಚಿತ ಆ್ಯಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ. ಅವುಗಳ ಅಂಕಿ ಕರಾರುವಾಕ್ಕಲ್ಲದಿದ್ದರೂ ಮನೆಯ ಈ ಮೂಲೆಗಿಂತ ಆ ಮೂಲೆ ಎಷ್ಟು ಪಾಲು ಮೇಲು ಎಂದು ತಿಳಿಯಲು ಸಾಕು.

ಬೆಳಕು ಕಡಿಮೆಯಾದಾಗ ಸಸಿ ಎರಡು ರೀತಿ ನಡೆದುಕೊಳ್ಳುತ್ತದೆ. ತುಸು ಬೆಳಕಿದ್ದು ಬೆಚ್ಚಗಿದ್ದರೆ ಕಾಂಡ ದಾರದಂತೆ ತೆಳ್ಳಗಾಗಿ ಕಿಟಕಿಯ ಕಡೆ ವಾಲುತ್ತದೆ. ಬೆಳಕು ತೀರ ಕಡಿಮೆಯಿದ್ದರೆ ಸಸಿ ಹೊಸ ಎಲೆಯನ್ನೇ ಹಾಕದೆ, ಇದ್ದ ಎರಡು ಎಲೆ ನಿಧಾನಕ್ಕೆ ಹಳದಿಯಾಗುತ್ತ ಹೋಗುತ್ತವೆ. ಎರಡೂ ಒಂದೇ ಹಸಿವಿನ ಗುರುತುಗಳು.

ಯಾವ ಕಿಟಕಿ ಎಂಬ ಪ್ರಶ್ನೆಗೆ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ದಕ್ಷಿಣದ ಕಿಟಕಿಯೇ ಉತ್ತಮ ಎಂದು ಪರದೇಶದ ತೋಟಗಾರಿಕೆ ಪುಸ್ತಕಗಳಲ್ಲಿ ಓದಿ, ಮೇ ತಿಂಗಳಲ್ಲಿ ಸಸಿ ತಟ್ಟೆಗಳನ್ನು ಪಡಸಾಲೆಯ ದಕ್ಷಿಣ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಒಂದು ದಿನವೂ ಅವುಗಳ ಮೇಲೆ ಬಿಸಿಲಿನ ಗೆರೆ ಬೀಳಲಿಲ್ಲ. ಲೆಕ್ಕ ಸರಳವಾಗಿದೆ: ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ, ಮರಳಿ ನೆತ್ತಿಗೆ ಬರುವುದು ಆಗಸ್ಟ್ ಮೊದಲ ವಾರದಲ್ಲಿ. ಆ ಮೂರು ತಿಂಗಳು ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಯುರೋಪಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವುದರಿಂದ ಅಲ್ಲಿ ಆ ಮಾತು ಸರಿ, ನಮ್ಮಲ್ಲಿ ಅದು ಚಳಿಗಾಲಕ್ಕೆ ಮಾತ್ರ ಸಲ್ಲುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ 50 ಡಿಗ್ರಿಯಷ್ಟು ಎತ್ತರಕ್ಕೆ ಇಳಿದಿರುತ್ತಾನೆ, ಸಜ್ಜಾ ಅಡ್ಡ ಬರದಿದ್ದರೆ ಬಿಸಿಲು ಕೋಣೆಯೊಳಗೂ ಚಾಚುತ್ತದೆ. ಬೇಸಿಗೆಯ ಅಗಿಗೆ ಪೂರ್ವದ ಕಿಟಕಿಯೇ ಸರಿ, ಏಕೆಂದರೆ ಎಳೆ ಬಿಸಿಲು ಮೂರು ನಾಲ್ಕು ತಾಸು ನೇರವಾಗಿ ಬೀಳುತ್ತದೆ. ಪಶ್ಚಿಮದ ಕಿಟಕಿಯಲ್ಲಿ ಇಳಿಹೊತ್ತಿನ ಕಾವು ಸಸಿ ಬೆಳೆಸುವ ಸಣ್ಣ ಕಪ್ಪುಗಳ (ಲೋಟಗಳ) ಮಣ್ಣನ್ನು ಬೇಯಿಸಿಬಿಡುತ್ತದೆ. ಅದೇ ತಟ್ಟೆಗಳನ್ನು ಪೂರ್ವಕ್ಕೆ ಸಾಗಿಸಿದ ಎಂಟು ದಿನಕ್ಕೆ ನನ್ನ ಟೊಮೆಟೊ ಸಸಿಗಳು ನಿಜ ಎಲೆ ಹಾಕಿದವು. ಮೆಣಸಿನಕಾಯಿ ಅರ್ಧಕ್ಕರ್ಧ ಹೋಗಿಯೇಬಿಟ್ಟಿದ್ದವು.

ಬೆಳಗಾವಿ, ಖಾನಾಪುರಗಳ ಕಡೆಯವರ ಪಾಡು ಬೇರೆ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ವಾರಗಟ್ಟಲೆ ಮೋಡ ಮುಚ್ಚಿರುವುದರಿಂದ ಯಾವ ದಿಕ್ಕಿನ ಕಿಟಕಿಯೂ ಸಾಲದು. ಅಂಥವರು ದೀಪದ ಬೆಳಕನ್ನು ಕೊಡಬೇಕಾಗುತ್ತದೆ. ಇದಕ್ಕಾಗಿ ನೇರಳೆ ಬಣ್ಣದ ದುಬಾರಿ ದೀಪ ಕೊಳ್ಳುವ ಅಗತ್ಯವಿಲ್ಲ. ನಾಲ್ಕು ಅಡಿಯ, 20 ವ್ಯಾಟ್‌ನ, ಬಿಳಿ ಬೆಳಕಿನ ಸಾಧಾರಣ ಎಲ್ಇಡಿ ಟ್ಯೂಬ್‌ಲೈಟ್ ಎರಡನ್ನು ಪಕ್ಕಪಕ್ಕದಲ್ಲಿ ಕಟ್ಟಿ, ಸಸಿಯ ತಲೆಯಿಂದ 10ರಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಇರಿಸಬೇಕು. ಗೋಡೆಯ ಮೇಲೆ ಆರು ಅಡಿ ಎತ್ತರದಲ್ಲಿರುವ ಟ್ಯೂಬ್‌ಲೈಟ್ ಸಸಿಗೆ ಇದ್ದೂ ಇಲ್ಲದಂತೆ, ದೂರ ಹೆಚ್ಚಿದಂತೆ ಬೆಳಕು ಬಹಳ ಬೇಗ ತೆಳುವಾಗುತ್ತದೆ. ದೀಪವನ್ನು ಮೇಲೆ ಕೆಳಗೆ ಮಾಡುವ ತಾಪತ್ರಯವೇ ಬೇಡವೆಂದರೆ, ತಟ್ಟೆಯ ಕೆಳಗೆ ಇಟ್ಟಿಗೆಗಳನ್ನು ಪೇರಿಸಿ ಸಸಿ ಎತ್ತರವಾದಂತೆ ಒಂದೊಂದೇ ಇಟ್ಟಿಗೆಯನ್ನು ತೆಗೆಯುತ್ತ ಹೋದರಾಯಿತು. ದಿನಕ್ಕೆ 14ರಿಂದ 16 ತಾಸು ದೀಪ ಸಾಕು, ರಾತ್ರಿಯ ಕತ್ತಲೆಯೂ ಸಸಿಗೆ ಬೇಕು. ಎಡೆಬಿಡದೆ ದೀಪ ಹಚ್ಚಿಟ್ಟರೆ ಟೊಮೆಟೊ ಎಲೆ ಬಿಳಚಿಕೊಳ್ಳುತ್ತದೆ. ಖರ್ಚಿನ ಲೆಕ್ಕ ಕೇಳುವವರಿಗಾಗಿ: 40 ವ್ಯಾಟ್ 15 ತಾಸು ಉರಿದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್.

ಈಗಾಗಲೇ ದಾರದಂತೆ ಎದ್ದಿರುವ ಟೊಮೆಟೊ ಸಸಿಯನ್ನು ಎಸೆಯಬೇಕಿಲ್ಲ. ಬೇರೆ ಕಪ್ಪಿಗೆ ಸಾಗಿಸುವಾಗ ಬೀಜದೆಲೆಯ ಬುಡದವರೆಗೂ ಮಣ್ಣಿನಲ್ಲಿ ಇಳಿಸಿ ನೆಟ್ಟರೆ ಹೂತ ಕಾಂಡವೂ ಬೇರು ಬಿಡುತ್ತದೆ. ಸವತೆ, ಹೀರೆಯಂಥ ಬಳ್ಳಿಗಳಿಗೆ ಈ ಉಪಾಯ ನಡೆಯುವುದಿಲ್ಲ, ಕಾಂಡ ಕೊಳೆಯುತ್ತದೆ.

ಮೂರನೆಯ ಹೆಜ್ಜೆ: ನೀರು ಮತ್ತು ಮಣ್ಣು

ನಿಂತ ಸಸಿಗೆ ಮರುಕಪಟ್ಟು ನೀರು ಹಾಕುವುದು, ಅದರಿಂದ ಸಸಿ ಇನ್ನಷ್ಟು ನಿಲ್ಲುವುದು, ಹೀಗೆ ಸುತ್ತು ತಿರುಗುತ್ತಲೇ ಇರುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸದಾ ತೊಯ್ದ ಮಣ್ಣಿನಲ್ಲಿ ಗಾಳಿಯ ಸಂದುಗಳೆಲ್ಲ ನೀರಿನಿಂದ ತುಂಬಿ ಬೇರು ಉಸಿರುಗಟ್ಟುತ್ತದೆ. ಹತ್ತು ಸಸಿಗಳಿದ್ದರೆ ಅವುಗಳಲ್ಲಿ ಅತ್ಯಂತ ಸೊರಗಿದ ಒಂದನ್ನು ಚಮಚದಿಂದ ಮಣ್ಣುಸಹಿತ ಎತ್ತಿ, ನೀರಿನಲ್ಲಿ ತೊಳೆದು ಬೇರು ನೋಡಬೇಕು. ಒಂದು ಸಸಿಯ ಬಲಿಯಿಂದ ಉಳಿದ ಒಂಬತ್ತರ ಜಾತಕ ತಿಳಿಯುತ್ತದೆ. ಬೇರು ಬೆಳ್ಳಗೆ ಕವಲೊಡೆದಿದ್ದರೆ ನೀರಿನ ತಪ್ಪಲ್ಲ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರುವಂತಿದ್ದರೆ ನೀರು ಹೆಚ್ಚಾಗಿದೆ.

ನೀರು ಹಾಕುವ ಹೊತ್ತನ್ನು ಗಡಿಯಾರ ನೋಡಿ ನಿರ್ಧರಿಸಬಾರದು, ಕಪ್ಪನ್ನು ಕೈಯಲ್ಲಿ ಎತ್ತಿ ನೋಡಿ ನಿರ್ಧರಿಸಬೇಕು. ನೀರು ಕುಡಿದ ಕಪ್ಪಿನ ತೂಕ, ಒಣಗಿದ ಕಪ್ಪಿನ ತೂಕ ಎರಡು ದಿನದಲ್ಲಿ ಕೈಗೆ ರೂಢಿಯಾಗುತ್ತವೆ. ಹಗುರವಾದಾಗ ಕಪ್ಪುಗಳನ್ನು ನೀರಿರುವ ಪರಾತದಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು ಕೆಳಗಿನಿಂದ ಕುಡಿಯಲು ಬಿಟ್ಟು, ಆಮೇಲೆ ಹೊರತೆಗೆದು ನೀರು ಸೋರಲು ಬಿಡಬೇಕು. ಕಪ್ಪಿನ ತಳದಲ್ಲಿ ತೂತುಗಳಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಭಾಗದ ವಿಶೇಷ ಸಮಸ್ಯೆ ಬೋರಿನ ಗಡಸು ನೀರು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರು ಕಟ್ಟುವ ಅದೇ ನೀರು ಕಪ್ಪಿನ ಮಣ್ಣಿನ ಮೇಲೂ ಬಿಳಿ ಪದರನ್ನು ಬಿಡುತ್ತದೆ. ದೊಡ್ಡ ಹೊಲದಲ್ಲಿ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ನೂರು ಗ್ರಾಂ ಮಣ್ಣಿನ ಕಪ್ಪಿನಲ್ಲಿ ಅದು ದಿನದಿನಕ್ಕೆ ಸಂಗ್ರಹವಾಗುತ್ತದೆ. ಉಪ್ಪು ಹೆಚ್ಚಾದರೆ ಮಣ್ಣು ಒದ್ದೆಯಿದ್ದರೂ ಬೇರಿಗೆ ನೀರು ಎಳೆದುಕೊಳ್ಳಲಾಗುವುದಿಲ್ಲ. ಎಳೆ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ, ಸುಣ್ಣದ ಅಂಶದಿಂದ ಬೇರಿಗೆ ಕಬ್ಬಿಣ ದಕ್ಕುತ್ತಿಲ್ಲ ಎಂದು ತಿಳಿಯಬಹುದು. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಬೋರಿನ ನೀರನ್ನು ಕುದಿಸಿ, ಆರಿಸಿ, ತಳದ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಬಳಸಿದರೆ ಗಡಸು ಸ್ವಲ್ಪ ಇಳಿಯುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಸಸಿಗೆ ಹಾಕುವವರಿದ್ದಾರೆ. ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣವಿರುತ್ತದೆ, ಅದು ನೆಲ ಒರೆಸಲು ಮಾತ್ರ ಸರಿ. ಗಡಸು ನೀರನ್ನೇ ಬಳಸಬೇಕಾದವರು ಸದಾ ಕೆಳಗಿನಿಂದಲೇ ಕುಡಿಸದೆ, ಹತ್ತು ದಿನಕ್ಕೊಮ್ಮೆ ಮೇಲಿನಿಂದ ಧಾರಾಳವಾಗಿ ಒಳ್ಳೆಯ ನೀರು ಹಾಕಿ ಲವಣ ತೊಳೆದುಹೋಗುವಂತೆ ಮಾಡಬೇಕು.

ಮಣ್ಣಿನ ಬಗ್ಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು: ಎರೆ ಮಣ್ಣನ್ನು, ಅಂದರೆ ಹೊಲದ ಕರಿ ಮಣ್ಣನ್ನು, ಸಸಿಯ ಕಪ್ಪಿಗೆ ತುಂಬಬಾರದು. ಹಿಂಗಾರಿಯಲ್ಲಿ ಮಳೆಯಿಲ್ಲದೆಯೂ ಬಿಳಿಜೋಳ, ಕಡಲೆಗಳನ್ನು ಬೆಳೆಸುವುದು ಅದರ ನೀರು ಹಿಡಿದಿಡುವ ಗುಣವೇ. ಕಪ್ಪಿನಲ್ಲಿ ಆ ಗುಣವೇ ಮುಳುವಾಗುತ್ತದೆ, ಹಸಿಯಿದ್ದಾಗ ಅಂಟಾಗಿ ಗಾಳಿಯನ್ನು ತಡೆಯುತ್ತದೆ, ಒಣಗಿದಾಗ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ಮೂರು ಪಾಲು ತೆಂಗಿನ ನಾರಿನ ಪುಡಿಗೆ ಒಂದು ಪಾಲು ಎರೆಹುಳು ಗೊಬ್ಬರ ಸೇರಿಸುವುದು ಸುಲಭದ ದಾರಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ಮಸಾರಿ (ಕೆಂಪು) ಮಣ್ಣು ಸಿಗುವ ಬಾದಾಮಿ, ಹುನಗುಂದದ ಕಡೆಯವರು ಆ ಮಣ್ಣು, ಮರಳು, ಜರಡಿ ಹಿಡಿದ ಹಳೆಯ ತಿಪ್ಪೆ ಗೊಬ್ಬರ ಇವುಗಳನ್ನು ಸಮಪಾಲು ಬೆರೆಸಬಹುದು. ಗೊಬ್ಬರಕ್ಕೆ ಸಗಣಿಯ ವಾಸನೆ ಇನ್ನೂ ಇದ್ದರೆ ಅದು ಕಳಿತಿಲ್ಲವೆಂದೇ ಅರ್ಥ, ಅದರ ಕಾವು ಮತ್ತು ಅಮೋನಿಯ ಬೇರನ್ನು ಸುಡುತ್ತವೆ. ಒಲೆಯ ಬೂದಿಯನ್ನು ಬೆರೆಸುವ ಹಳೆಯ ರೂಢಿ ಹುಳಿ ಮಣ್ಣಿಗೆ ಒಳ್ಳೆಯದು. ಸುಣ್ಣ ಹೆಚ್ಚಿರುವ ನಮ್ಮ ಮಣ್ಣಿಗೆ, ಅದರಲ್ಲೂ ಗಡಸು ನೀರಿನ ಜೊತೆಗೆ, ಅದು ಬೇಡ.

ತಂಪು, ಬಿಸಿ, ಗಾಳಿ

ಮೆಣಸಿನಕಾಯಿ, ಮುಳಗಾಯಿ, ಟೊಮೆಟೊ ಮೂರೂ ಬೆಚ್ಚಗಿನ ನಾಡಿನ ಬೆಳೆಗಳು. ಬೇರಿನ ಸುತ್ತ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಬಹುತೇಕ ನಿಲ್ಲುತ್ತದೆ, ಮಣ್ಣಿನಲ್ಲಿ ರಂಜಕವಿದ್ದರೂ ಬೇರು ಅದನ್ನು ಎತ್ತಿಕೊಳ್ಳಲಾರದೆ ಎಲೆಯ ಕೆಳಭಾಗ ನೇರಳೆಗೆ ತಿರುಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಪರಸಿ (ಕಲ್ಲುಹಾಸು) ನೆಲದ ಮೇಲಿಟ್ಟ ಕಪ್ಪುಗಳಿಗೆ ಇದು ಸಾಮಾನ್ಯ. ಕೆಳಗೊಂದು ಹಲಗೆ ಹಾಕಿ, ರಾತ್ರಿ ಅಡುಗೆಮನೆಗೆ ಸಾಗಿಸಿದರೆ ಸಾಕು, ಗೊಬ್ಬರ ಬೇಡ. ಬೇಸಿಗೆಯಲ್ಲಿ ಇದರ ತದ್ವಿರುದ್ಧ. ತಗಡಿನ ಮಾಡಿನ ಕೆಳಗೆ ಸಸಿ ಬೆಂದು ನಿಲ್ಲುತ್ತದೆ, ಮಣ್ಣಿನ ಮಾಳಿಗೆಯ ತಂಪು ಆಗ ವರವಾಗುತ್ತದೆ. ಏರ್ ಕೂಲರಿನ ಗಾಳಿ ಸಸಿಗೆ ನೇರವಾಗಿ ಹೊಡೆಯಬಾರದು. ಆದರೆ ಫ್ಯಾನಿನ ಹಗುರವಾದ ಗಾಳಿ ದಿನಕ್ಕೊಂದೆರಡು ತಾಸು ಆಡಿದರೆ ಕಾಂಡ ಗಟ್ಟಿಯಾಗುತ್ತದೆ. ಅಂಗೈಯನ್ನು ಸಸಿಗಳ ತಲೆಯ ಮೇಲೆ ನವಿರಾಗಿ ಆಡಿಸುವುದೂ ಅದೇ ಫಲ ಕೊಡುತ್ತದೆ.

ಗೊಬ್ಬರ ಮತ್ತು ಜಾಗ

ಮೊದಲ ಜೋಡಿ ನಿಜ ಎಲೆ ಬರುವವರೆಗೆ ಗೊಬ್ಬರ ಬೇಕಾಗಿಯೇ ಇಲ್ಲ. ಬರೀ ತೆಂಗಿನ ನಾರಿನ ಪುಡಿಯಲ್ಲಿ ಬೀಜ ಹಾಕಿದವರದ್ದು ಮಾತ್ರ ಬೇರೆ ಮಾತು, ಅದರಲ್ಲಿ ಸಾರವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಅಂಥ ಸಸಿಗಳಿಗೆ ಮೊಳೆತ ಹತ್ತು ಹನ್ನೆರಡು ದಿನಕ್ಕೆ ನೀರಿನಲ್ಲಿ ಕರಗುವ, ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಬೆರೆಸಿ, ವಾರಕ್ಕೊಮ್ಮೆ, ಮಣ್ಣು ಹಸಿಯಿರುವಾಗ ಕೊಡಬೇಕು. ಒಂದು ಚಿಟಿಕೆ ಯೂರಿಯಾ ಹಾಕಿದರೆ ಏನಾದೀತು ಎನ್ನುವವರಿಗೆ ಉತ್ತರ: ಸಣ್ಣ ಕಪ್ಪಿಗೆ ಒಂದು ಚಿಟಿಕೆಯೆಂದರೆ ಎಕರೆಗೆ ಮೂಟೆಗಟ್ಟಲೆ ಸುರಿದ ಹಾಗೆ.

ಜಾಗ ಸಾಲದೆ ನಿಂತ ಸಸಿಯನ್ನು ಗುರುತಿಸುವುದು ಸುಲಭ, ಕಪ್ಪಿನ ತಳದ ತೂತಿನಲ್ಲಿ ಬೇರು ಇಣುಕುತ್ತದೆ. ನರ್ಸರಿಯವರು 98 ಗುಂಡಿಗಳ ಟ್ರೇಗಳಲ್ಲಿ ಟೊಮೆಟೊ ಸಸಿಯನ್ನು 21ರಿಂದ 25 ದಿನ, ಮೆಣಸಿನಕಾಯಿಯನ್ನು 35ರಿಂದ 40 ದಿನ ಮಾತ್ರ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಮಳೆ ಬರದಿದ್ದರೆ ಮನೆಯವರು ಸಸಿಗಳನ್ನು ಹಾಲಿನ ಪಾಕೀಟಿಗೋ ದೊಡ್ಡ ಕಪ್ಪಿಗೋ ಬದಲಿಸಬೇಕು. ಸಾಗಿಸುವಾಗ ಹಿಡಿಯಬೇಕಾದದ್ದು ಎಲೆಯನ್ನು, ಕಾಂಡವನ್ನಲ್ಲ. ಎಲೆ ಹೋದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಸಸಿಯೇ ಹೋಯಿತು. ಒಂದೇ ಕಪ್ಪಿನಲ್ಲಿ ನಾಲ್ಕೈದು ಮೊಳೆತಿದ್ದರೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಬೇಕು, ಕಿತ್ತರೆ ಉಳಿಯಬೇಕಾದ ಸಸಿಯ ಬೇರೂ ಅಲುಗುತ್ತದೆ.

ರೋಗದ ಲಕ್ಷಣಗಳು

ಮಣ್ಣಿನ ಮಟ್ಟದಲ್ಲಿ ಕಾಂಡ ಚಿವುಟಿದಂತೆ ಸೊರಗಿ ಸಸಿ ಅಡ್ಡ ಬಿದ್ದರೆ ಅದು ಶಿಲೀಂಧ್ರದಿಂದ ಬರುವ ಬುಡಕೊಳೆ. ಬಿದ್ದದ್ದು ಮತ್ತೆ ಏಳುವುದಿಲ್ಲ, ಅದನ್ನು ಮಣ್ಣುಸಹಿತ ದೂರ ಎಸೆದು, ನೀರು ತಗ್ಗಿಸಿ, ಉಳಿದವಕ್ಕೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಹಾಕಬಹುದು. ಬಿತ್ತುವ ಮೊದಲೇ ಮಣ್ಣಿಗೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸುವುದು ಇದಕ್ಕಿಂತ ಉತ್ತಮ. ಎರಡನ್ನೂ ಒಟ್ಟಿಗೆ ಬಳಸಬಾರದು, ತಾಮ್ರ ಟ್ರೈಕೊಡರ್ಮಾವನ್ನೂ ಬಾಧಿಸುತ್ತದೆ. ಕಪ್ಪುಗಳ ಮೇಲೆ ಸಣ್ಣ ಕರಿ ನೊಣಗಳು ಹಾರಾಡುತ್ತಿದ್ದರೆ ಅವುಗಳ ಮರಿಗಳು ಒಳಗೆ ಬೇರು ಮೇಯುತ್ತಿರಬಹುದು, ಮೇಲಿನ ಮಣ್ಣು ಪೂರ್ತಿ ಒಣಗಲು ಬಿಟ್ಟರೆ ಅವು ತಾವಾಗಿ ಕಡಿಮೆಯಾಗುತ್ತವೆ. ಮೆಣಸಿನ ಎಲೆ ಮುರುಟಿಕೊಂಡರೆ ಎಲೆಯನ್ನು ತಿರುಗಿಸಿ ನುಸಿ ಇದೆಯೇ ಎಂದು ನೋಡಬೇಕು.

ಇಷ್ಟೆಲ್ಲ ನೋಡಿದರೂ ಕಾರಣ ತಿಳಿಯದಿದ್ದರೆ ಎರಡು ಸಸಿಗಳನ್ನು ಬೇರು, ಮಣ್ಣುಸಹಿತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಬಳಸುವ ನೀರಿನದೂ ಒಂದು ಬಾಟಲಿ ತುಂಬಿಕೊಂಡು, ತಿಳಿದವರಿಗೆ ತೋರಿಸಬಹುದು. ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಬೆಳಗಾವಿ ಜಿಲ್ಲೆಯವರಿಗೆ ಅರಭಾವಿಯ ತೋಟಗಾರಿಕೆ ಕಾಲೇಜು, ವಿಜಯಪುರದವರಿಗೆ ಹಿಟ್ನಳ್ಳಿಯ ಕೃಷಿ ಕಾಲೇಜು ಹತ್ತಿರ. ಪೇಟೆಯ ಔಷಧದ ಅಂಗಡಿಗೆ ಮೊದಲು ಹೋದರೆ ಮರಳುವಾಗ ಕೈಯಲ್ಲಿ ಒಂದು ಬಾಟಲಿ ಇದ್ದೇ ಇರುತ್ತದೆ.

ಹೊರಗೆ ಕಳಿಸುವ ಮುನ್ನ

ಮೇಲಿನವುಗಳಲ್ಲಿ ಯಾವುದನ್ನೇ ಸರಿಪಡಿಸಿದರೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಏಳೆಂಟು ದಿನ ಕಾಯಬೇಕು. ಗುಣವನ್ನು ಹೊಸ ಕುಡಿಯಲ್ಲಿ ನೋಡಬೇಕೇ ಹೊರತು ಹಳೆಯ ಎಲೆಯಲ್ಲಲ್ಲ. ಒಮ್ಮೆ ಹಳದಿಯಾದ ಬೀಜದೆಲೆ ಮತ್ತೆ ಹಸಿರಾಗುವುದಿಲ್ಲ, ನಾಲ್ಕಾರು ನಿಜ ಎಲೆ ಬಂದ ಮೇಲೆ ಅದು ಉದುರುವುದೂ ಸಹಜವೇ.

ಬೆಳೆಯಲು ಹತ್ತಿದ ಸಸಿಯನ್ನು ನೇರವಾಗಿ ಅಂಗಳಕ್ಕೆ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲೆ ಬೆಳ್ಳಗೆ ಸುಟ್ಟು, ಮತ್ತೆ ಹದಿನೈದು ದಿನ ನಿಲ್ಲುತ್ತದೆ. ಮೊದಲ ದಿನ ಬೆಳಗಿನ ಒಂದು ತಾಸು, ಮರುದಿನ ಎರಡು ತಾಸು, ಹೀಗೆ ಎಂಟು ಹತ್ತು ದಿನ ಹೆಚ್ಚಿಸುತ್ತ ಹೋಗಬೇಕು, ಮೇ ತಿಂಗಳಲ್ಲಾದರೆ ಹತ್ತು ಗಂಟೆಯ ನಂತರ ನೆರಳು ಕಡ್ಡಾಯ. ಆಮೇಲೆ ಮೋಡ ಕವಿದ ದಿನವನ್ನೋ ಸಂಜೆಯನ್ನೋ ಆರಿಸಿಕೊಂಡು, ನೆಲ ಹದವಾಗಿರುವಾಗ ಅಗಿ ಹಚ್ಚಿ, ಬುಡವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ, ಒಂದು ತಂಬಿಗೆ ನೀರು ಬಿಡಬೇಕು.